ನಿಮ್ಮ ಕುರ್ಚಿಯ ಕೆಳಗೆ ಇಪ್ಪತ್ತಮೂರು ತಟ್ಟೆ

ಮಾನ್ಯ ಕುಲಸಚಿವರೇ,

ಬರುವ ಶನಿವಾರ ಬೆಳಿಗ್ಗೆ ಹತ್ತೂವರೆಗೆ ನೀವು ಕುಳಿತುಕೊಳ್ಳಲಿರುವ ಕುರ್ಚಿಯ ಕೆಳಗೆ ನೆಲವಿಲ್ಲ. ಈ ಮಾತನ್ನು ನಿಮ್ಮ ಕಚೇರಿಗೆ ನಾಲ್ಕು ಸಲ ಬರೆದು ತಿಳಿಸಿದ್ದೇನೆ. ಮೊದಲನೆಯ ಪತ್ರಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂತು, ಎರಡನೆಯದಕ್ಕೆ ‘ಪರಿಶೀಲಿಸಲಾಗಿದೆ’ ಎಂದು ಬಂತು, ಮೂರನೆಯದು ಯಾರ ಮೇಜಿನ ಮೇಲೆ ನಿದ್ದೆ ಹೋಯಿತೋ ಗೊತ್ತಿಲ್ಲ. ನಾಲ್ಕನೆಯದಕ್ಕೆ ಉತ್ತರವಾಗಿ ನಮ್ಮ ಕ್ಲಬ್ಬನ್ನೇ ಅಮಾನತಿನಲ್ಲಿಟ್ಟಿರಿ. ಆದ್ದರಿಂದ ಐದನೆಯದನ್ನು ಊರಿಗೆಲ್ಲ ಓದಲು ಕೊಡುತ್ತಿದ್ದೇನೆ. ಶಿಸ್ತು ಮೀರಿದ್ದೇನೆ ಎಂದು ನೋಟಿಸು ಕೊಡುವುದಿದ್ದರೆ ದಯವಿಟ್ಟು ಶುಕ್ರವಾರದೊಳಗೆ ಕೊಟ್ಟುಬಿಡಿ. ಶನಿವಾರದ ನಂತರ ನಿಮಗೆ ಬಿಡುವಿರುತ್ತದೆಂಬ ಭರವಸೆ ನನಗಿಲ್ಲ.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ಭೌತಶಾಸ್ತ್ರ ವಿಭಾಗದ ಪ್ರಯೋಗಾಲಯ ಸಹಾಯಕಿ. ಲೋಲಕಗಳ ದಾರ ಬದಲಿಸುವುದು, ಸ್ಟಾಪ್‌ವಾಚಿಗೆ ಸೆಲ್ ಹಾಕುವುದು, ಒಡೆದ ಮಸೂರಗಳ ಪಟ್ಟಿ ಇಡುವುದು ನನ್ನ ಉದ್ಯೋಗ. ಸಂಜೆ ಐದರ ಮೇಲೆ ಹದಿಮೂರು ವರ್ಷಗಳಿಂದ ವಿಶ್ವವಿದ್ಯಾಲಯದ ಅಲ್ಟಿಮೇಟ್ ಫ್ರಿಸ್ಬಿ ಕ್ಲಬ್ ನಡೆಸುತ್ತಿದ್ದೇನೆ. ಓದುವಾಗ ಆಡುತ್ತಿದ್ದೆ, ಮಂಡಿ ಕೈಕೊಟ್ಟ ಮೇಲೆ ನಡೆಸತೊಡಗಿದೆ. ನಡೆಸುವುದೆಂದರೆ ದೊಡ್ಡ ಪದವಿಯೇನಲ್ಲ. ಫುಟ್‌ಬಾಲಿನವರಿಗೂ ಕ್ರಿಕೆಟ್ಟಿನವರಿಗೂ ನಡುವೆ ಮೈದಾನದ ಒಂದೂವರೆ ಗಂಟೆ ಗಿಟ್ಟಿಸಬೇಕು. ಹಾಸ್ಟೆಲಿನ ವಾರ್ಡನ್‌ಗಳ ಕೈಕಾಲು ಹಿಡಿದು ಹುಡುಗಿಯರಿಗೆ ಅರ್ಧ ಗಂಟೆ ತಡವಾಗಿ ಬರಲು ಒಪ್ಪಿಗೆ ತರಬೇಕು. ಬೆವರಿನ ಜೆರ್ಸಿಗಳನ್ನು ಒಗೆಸಬೇಕು, ಪರೀಕ್ಷೆಯಲ್ಲಿ ಫೇಲಾದವನನ್ನು ಸಮಾಧಾನ ಮಾಡಬೇಕು, ಎಲ್ಲರಿಗೂ ಅಕ್ಕನಾಗಬೇಕು. ಈ ಆಟದಲ್ಲಿ ಎರಡು ತಂಡಗಳು ಎಸೆದು ಹಿಡಿಯುವ ಪ್ಲಾಸ್ಟಿಕ್ ಡಿಸ್ಕಿಗೆ ನಮ್ಮಲ್ಲಿ ತಟ್ಟೆ ಎಂದೇ ಹೆಸರು. ನನ್ನ ಅಮ್ಮ ಇವತ್ತಿಗೂ ನಗುತ್ತಾಳೆ: “ತಟ್ಟೆ ಎಸೆಯೋಕೆ ಮೈದಾನ ಬೇರೆ ಬೇಕೇನೇ ನಿನಗೆ? ಚಿಕ್ಕವಳಿದ್ದಾಗ ಊಟ ಬೇಡ ಅಂತ ಅಡುಗೆಮನೇಲೇ ಎಸೀತಿದ್ದೆಯಲ್ಲ!” ಕ್ಲಬ್ಬಿನಲ್ಲಿ ಒಟ್ಟು ಇಪ್ಪತ್ತಾರು ತಟ್ಟೆಗಳಿವೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಆಟದ ಒಂದು ಸಂಗತಿಯನ್ನು ನಿಮಗೆ ವಿವರಿಸಲೇಬೇಕು, ಏಕೆಂದರೆ ನಮ್ಮನ್ನು ಕೆಡಿಸಿದ್ದು ಅದೇ. ಈ ಆಟಕ್ಕೆ ರೆಫರಿ ಇಲ್ಲ. ಸೀಟಿ ಊದುವವರಿಲ್ಲ, ಕಾರ್ಡು ತೋರಿಸುವವರಿಲ್ಲ. ಯಾರು ತಪ್ಪು ಮಾಡಿದರೋ ಅವರೇ ಆಟ ನಿಲ್ಲಿಸಿ ಕೈಯೆತ್ತಿ ಹೇಳಬೇಕು. ಗೆರೆ ತುಳಿದರೆ ತುಳಿದವರೇ ಹೇಳಬೇಕು. ಆಟ ಮುಗಿದ ಮೇಲೆ ಎರಡೂ ತಂಡದವರು ಬೆರೆತು ವೃತ್ತವಾಗಿ ನಿಲ್ಲುತ್ತೇವೆ. ನಮ್ಮ ಕ್ಲಬ್ಬಿನಲ್ಲಿ ಆ ವೃತ್ತಕ್ಕೆ ಒಂದು ಪದ್ಧತಿ ಇದೆ: ಎದುರಿನವರ ಬಗ್ಗೆ ಒಂದು ಮಾತಾಡುವ ಮೊದಲು ‘ನನ್ನ ತಪ್ಪು’ ಎಂದು ಕೈಯೆತ್ತಿ, ಅವತ್ತು ತಾನು ಮಾಡಿದ್ದನ್ನು ಹೇಳಬೇಕು. ಒಬ್ಬರು ಹೇಳಿದ ಮೇಲೆ ಪಕ್ಕದವರು, ಆಮೇಲೆ ಅವರ ಪಕ್ಕದವರು. ಸರದಿ ಒಂದು ಸುತ್ತು ಬಂದೇ ತೀರುತ್ತದೆ. ಹದಿಮೂರು ವರ್ಷಗಳಲ್ಲಿ ಒಬ್ಬರೂ ತಪ್ಪಿಸಿಕೊಂಡಿಲ್ಲ. ಜಗತ್ತೆಲ್ಲ ಹೀಗೇ ಇರುತ್ತದೆ ಎಂದು ನಂಬುವಷ್ಟು ದಡ್ಡರಾಗಿಬಿಟ್ಟಿದ್ದೆವು ನಾವು.

ಎರಡು ವರ್ಷಗಳ ಹಿಂದೆ, ಮಳೆ ನಿಂತ ಮಾರನೆಯ ದಿನ, ಮೈದಾನದ ಉತ್ತರದ ತುದಿಯಲ್ಲಿ ನೀರು ನಿಂತಿತ್ತು. ಸಣ್ಣ ತಗ್ಗು. ಕೈಯಲ್ಲಿದ್ದ ತಟ್ಟೆಯನ್ನು ಇಟ್ಟು ನೋಡಿದೆ, ಸರಿಯಾಗಿ ಅಷ್ಟೇ ಅಗಲವಿತ್ತು. ನಕ್ಕು ಸುಮ್ಮನಾದೆವು. ಮೂರು ತಿಂಗಳಿಗೆ ಒಂದರ ಪಕ್ಕ ಒಂದರಂತೆ ನಾಲ್ಕು ತಟ್ಟೆ ಹಿಡಿಯಿತು. ಆಗ ನಿಮಗೆ ಮೊದಲ ಪತ್ರ ಬರೆದೆ. ನಿಮ್ಮ ಕಾಮಗಾರಿ ವಿಭಾಗದವರು ಬಂದರು, ಒಂದು ಟ್ರ್ಯಾಕ್ಟರ್ ಮಣ್ಣು ಸುರಿದರು, ರೋಲರ್ ಓಡಿಸಿ ಕೈತೊಳೆದುಕೊಂಡರು. ತಿಂಗಳೊಪ್ಪತ್ತಿನಲ್ಲಿ ಮಣ್ಣೆಲ್ಲ ಎಲ್ಲಿಗೋ ಹೋಯಿತು. ಒಂದು ಟ್ರ್ಯಾಕ್ಟರ್ ಮಣ್ಣು ಎಲ್ಲಿಗೆ ಹೋಗುತ್ತದೆ ಸ್ವಾಮಿ? ರಜೆ ಹಾಕಿ ಊರಿಗೆ ಹೋಗುತ್ತದೆಯೇ? ಈ ಪ್ರಶ್ನೆ ನಿಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಒಬ್ಬರಿಗೆ ಮಾತ್ರ. ಮೂವತ್ತನಾಲ್ಕು ವರ್ಷಗಳಿಂದ ಮೈದಾನದ ಹುಲ್ಲು ಕತ್ತರಿಸುತ್ತಾ ಬಂದವರು, ಮಕ್ಕಳೆಲ್ಲ ಹುಲ್ಲಣ್ಣ ಎಂದು ಕರೆಯುವವರು. ಒಂದು ಮಧ್ಯಾಹ್ನ ಅವರು ಯಂತ್ರವನ್ನು ದಕ್ಷಿಣದಿಂದ ಉತ್ತರಕ್ಕೆ ತಳ್ಳುತ್ತಾ ನನ್ನನ್ನು ಜೊತೆಗೆ ನಡೆಸಿಕೊಂಡು ಹೋದರು.

“ಮಾತಾಡ್ಬೇಡಮ್ಮ, ಬರೀ ಕೇಳಿಸ್ಕೋ,” ಎಂದರು.

ಅರ್ಧ ಮೈದಾನದವರೆಗೆ ಯಂತ್ರ ಒಂದೇ ದನಿಯಲ್ಲಿ ಗುರುಗುಟ್ಟಿತು. ಉತ್ತರದ ಗೋಲ್‌ಕಂಬ ದಾಟುತ್ತಿದ್ದಂತೆ ದನಿ ತಗ್ಗಿತು, ದಪ್ಪವಾಯಿತು, ಕಾಲ ಕೆಳಗಿನಿಂದ ಇನ್ನೊಂದು ಯಂತ್ರ ಜೊತೆಗೂಡಿದ ಹಾಗೆ. ಹತ್ತು ಹೆಜ್ಜೆ ಮುಂದೆ ಹೋದರೆ ಮತ್ತೆ ಮೊದಲಿನ ದನಿ.

“ಕೇಳಿಸ್ತಾ?”

“ಏನಣ್ಣ ಅದು?”

“ನಾನು ಕೆಲಸಕ್ಕೆ ಸೇರಿದಾಗ ಇಲ್ಲೊಂದು ನೀರಿನ ತೊಟ್ಟಿ ಇತ್ತು. ನೆಲದೊಳಗೆ, ಮನೆಯಷ್ಟು ದೊಡ್ಡದು. ಹಳೇ ಹಾಸ್ಟೆಲ್‌ಗೆಲ್ಲ ಇಲ್ಲಿಂದ್ಲೇ ನೀರು. ಹೊಸ ಟ್ಯಾಂಕ್ ಬಂದ್ಮೇಲೆ ಮೇಲೆ ಚಪ್ಪಡಿ ಎಳೆದು, ಮಣ್ಣು ಹಾಕಿ, ಹುಲ್ಲು ನೆಟ್ಟುಬಿಟ್ರು. ತುಂಬಿಸಲೇ ಇಲ್ಲ. ಯಾರ ಹತ್ರ ಹೇಳೋದು? ಚಪ್ಪಡಿಗೂ ವಯಸ್ಸಾಗುತ್ತಲ್ವಾ?”

ಇದನ್ನೆಲ್ಲ ಎರಡನೆಯ ಪತ್ರದಲ್ಲಿ ಬರೆದೆ. ನಕ್ಷೆಯಲ್ಲಿ ಅಂಥ ಯಾವುದೇ ತೊಟ್ಟಿ ಕಂಡುಬಂದಿಲ್ಲವೆಂದೂ, ಸದರಿ ತಗ್ಗನ್ನು ಈಗಾಗಲೇ ಮುಚ್ಚಲಾಗಿದೆಯೆಂದೂ ಉತ್ತರ ಬಂತು. ನಕ್ಷೆಯಲ್ಲಿ ಇಲ್ಲದ್ದು ನೆಲದಲ್ಲೂ ಇರಬಾರದು ಎಂಬುದು ನಿಮ್ಮ ಕಚೇರಿಯ ಸಿದ್ಧಾಂತ. ಆ ಸಿದ್ಧಾಂತವನ್ನು ನೆಲಕ್ಕೂ ಒಮ್ಮೆ ಓದಿ ಹೇಳಿದ್ದರೆ ಚೆನ್ನಾಗಿತ್ತು.

ಈಗ ನನ್ನ ಸರದಿ. ನನ್ನ ತಪ್ಪು, ಮಾನ್ಯರೇ. ಅವತ್ತೇ ಆಟ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಒಂದು ಸೆಮಿಸ್ಟರ್ ಮೈದಾನ ಬಳಸದ ಕ್ಲಬ್ಬಿನ ಮಾನ್ಯತೆ ತಾನಾಗಿಯೇ ರದ್ದಾಗುತ್ತದೆ ಎಂಬ ನಿಯಮ ನಿಮ್ಮದೇ. ನಿಲ್ಲಿಸಿದರೆ ಆ ಜಾಗದಲ್ಲಿ ವಾಹನ ನಿಲ್ಲಿಸಲು ಎಷ್ಟು ಜನ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರೆಂದು ನನಗೆ ಗೊತ್ತಿತ್ತು. ಅದಕ್ಕೆ ಬುದ್ಧಿವಂತಿಕೆ ಮಾಡಿದೆ. ಅಂಕಣದ ಗಡಿಗೆ ಇಡುವ ಕಿತ್ತಳೆ ಬಣ್ಣದ ಕೋನ್‌ಗಳನ್ನು ಆರು ಹೆಜ್ಜೆ ಈಚೆಗೆ ಇಟ್ಟೆ. ತಗ್ಗು ಹಿಗ್ಗಿತು, ಮತ್ತೆ ನಾಲ್ಕು ಹೆಜ್ಜೆ ಸರಿಸಿದೆ. ಹೋದ ವರ್ಷದ ಮಳೆ ಕಳೆದ ಮೇಲೆ ಹನ್ನೊಂದು ತಟ್ಟೆ ಹಿಡಿಯಿತು, ಇನ್ನೈದು ಹೆಜ್ಜೆ ಸರಿಸಿ ಮೂರನೆಯ ಪತ್ರ ಬರೆದೆ. ಒಟ್ಟು ಹದಿನೈದು ಹೆಜ್ಜೆ ಮೈದಾನವನ್ನು ಆ ತಗ್ಗಿಗೆ ಬಿಟ್ಟುಕೊಟ್ಟೆ. ಮಕ್ಕಳಿಗೆ “ಆ ಕಡೆ ಔಟ್, ಹೋಗ್ಬೇಡಿ” ಎಂದಷ್ಟೇ ಹೇಳಿದೆ. ಔಟ್ ಎಂದು ಹೆಸರಿಟ್ಟ ಮಾತ್ರಕ್ಕೆ ಅಪಾಯ ಅಲ್ಲೇ ಕೂತಿರುತ್ತದೆ ಎಂದುಕೊಂಡೆ. ನಿಮ್ಮ ಕಚೇರಿಗೂ ನನಗೂ ಅಷ್ಟರಮಟ್ಟಿಗೆ ವ್ಯತ್ಯಾಸವಿರಲಿಲ್ಲ.

ಮೂರು ವಾರಗಳ ಹಿಂದಿನ ಬುಧವಾರ ಸಂಜೆ ನಮ್ಮ ತಂಡದಲ್ಲಿ ಎಲ್ಲರೂ ‘ಉದ್ದ’ ಎಂದು ಕರೆಯುವ ಹುಡುಗ ಒಂದು ದೂರದ ಎಸೆತ ಎಸೆದ. ಅವನು ಎಲ್ಲರಿಗಿಂತ ಒಂದು ಗೇಣು ಎತ್ತರ, ಅದಕ್ಕೇ ಆ ಹೆಸರು. ಅಂತಿಮ ವರ್ಷದ ಹುಡುಗ. ಗಾಳಿ ತಟ್ಟೆಯನ್ನು ಉತ್ತರಕ್ಕೆ ಒಯ್ದಿತು. ಅದರ ಹಿಂದೆ ಓಡಿದವಳು ಮಿಂಚುಳ್ಳಿ. ಸಂಖ್ಯಾಶಾಸ್ತ್ರದ ಎರಡನೆಯ ವರ್ಷದಲ್ಲಿ ಓದುವ ಇವಳು ತಟ್ಟೆಯ ಮೇಲೆ ಕಣ್ಣಿಟ್ಟರೆ ನೆಲ ನೋಡುವವಳಲ್ಲ, ನೇರ ಹಾರಿಬಿಡುತ್ತಾಳೆ. ಕೋನ್ ದಾಟಿ ಹಾರಿದಳು, ಹಿಡಿದಳು, ಕಾಲೂರಿದಳು. ಊರಿದ ಕಾಲು ಸೊಂಟದವರೆಗೆ ನೆಲದೊಳಗೆ ಹೋಯಿತು.

ನಾನು ಓಡಿ ಹೋಗುವಷ್ಟರಲ್ಲಿ ಅವಳ ಮುಖ ಬೆಳ್ಳಗಾಗಿತ್ತು. ತಟ್ಟೆ ಮಾತ್ರ ಕೈಯಲ್ಲೇ ಇತ್ತು. ಅವಳು ಮೊದಲು ಆಡಿದ ಮಾತನ್ನು ನಾನು ಸಾಯುವವರೆಗೆ ಮರೆಯಲಾರೆ.

“ಅಕ್ಕಾ, ಹಿಡಿದೆ. ಆದ್ರೆ ಔಟ್. ಗೆರೆ ದಾಟಿದೀನಿ.”

ಹೊಟ್ಟೆಯ ಮೇಲೆ ಮಲಗಿ, ಒಬ್ಬರ ಕಾಲನ್ನು ಒಬ್ಬರು ಹಿಡಿದುಕೊಂಡು, ನಾಲ್ಕು ಜನ ಅವಳನ್ನು ಎಳೆದು ತೆಗೆದೆವು. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಎಳೆಯುವಾಗ ಅಂಚಿನ ಒಂದು ಕಲ್ಲು ಸಡಿಲಗೊಂಡು ಒಳಗೆ ಬಿತ್ತು. ಬಿದ್ದ ಸದ್ದು ಕೂಡಲೇ ಬರಲಿಲ್ಲ. ಬಂದಾಗ, ನೀರಿಗೆ ಬಿದ್ದ ಸದ್ದಾಗಿತ್ತು. ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ನಾನು ಪ್ರಯೋಗಾಲಯದಿಂದ ಸ್ಟಾಪ್‌ವಾಚು ತಂದು ಇನ್ನೂ ಐದು ಕಲ್ಲು ಹಾಕಿದೆ. ಸರಾಸರಿ ಒಂದು ದಶಾಂಶ ಒಂದು ಸೆಕೆಂಡು. ಹತ್ತೊಂಬತ್ತು ಅಡಿ, ಅದರ ಕೆಳಗೆ ನೀರು. ಮೊದಲ ವರ್ಷದ ಮಕ್ಕಳೂ ಮಾಡುವ ಲೆಕ್ಕ ಇದು. ಮಾರನೆಯ ದಿನ ನಿಮ್ಮವರು ಬಂದು ರಂಧ್ರದ ಮೇಲೆ ತಗಡು ಹಾಸಿ, ಅದರ ಮೇಲೆ ಮಣ್ಣು ಹರಡಿ, ಹುಲ್ಲಿನ ಹಾಸು ಹೊದಿಸಿ ಹೋದರು. ದೂರದಿಂದ ನೋಡಿದರೆ ಎಷ್ಟು ಹಸಿರಾಗಿದೆ ಗೊತ್ತೇ! ಅದೇ ದಿನ ನಾಲ್ಕನೆಯ ಪತ್ರ ಬರೆದೆ.

ಆಮೇಲೆ ವಿಚಾರಣೆ. ಆಡಳಿತ ಭವನದ ಎರಡನೆಯ ಮಹಡಿ, ಉದ್ದ ಮೇಜು, ಒಂದು ಕಡೆ ವಾಲಿಕೊಂಡು ತಿರುಗುವ ಫ್ಯಾನು. ಆ ಕಡೆ ನಿಮ್ಮ ಸಮಿತಿಯ ಮೂವರು ಹಿರಿಯರು, ಈ ಕಡೆ ನಾವು ಮೂವರು, ಮೂಲೆಯಲ್ಲಿ ಬೆರಳಚ್ಚು ಮಾಡುವ ಗುಮಾಸ್ತೆ. ಮಿಂಚುಳ್ಳಿ ಊರುಗೋಲುಗಳನ್ನು ಕುರ್ಚಿಗೆ ಒರಗಿಸಿದಳು, ಅವು ಎರಡು ಸಲ ಜಾರಿ ಬಿದ್ದವು. ಸಮಿತಿಯ ಅಧ್ಯಕ್ಷರು ಕನ್ನಡಕ ಒರೆಸಿಕೊಳ್ಳುತ್ತಾ ಬಹಳ ಮೆತ್ತಗೆ ಕೇಳಿದರು: “ನೋಡಿ, ಇಲ್ಲಿ ಯಾರಿಗೂ ಶಿಕ್ಷೆ ಕೊಡೋ ಉದ್ದೇಶ ನಮಗಿಲ್ಲ. ತಪ್ಪು ಯಾರದು ಅಂತ ತಿಳ್ಕೋಬೇಕು, ಅಷ್ಟೇ.”

ಉದ್ದ ಕೈಯೆತ್ತಿದ. “ನನ್ನ ತಪ್ಪು ಸರ್. ಗಾಳಿ ನೋಡ್ಕೊಳ್ದೆ ಎಸೆದ್ಬಿಟ್ಟೆ.”

ಮಿಂಚುಳ್ಳಿ ಕೈಯೆತ್ತಿದಳು. “ನನ್ನ ತಪ್ಪು ಸರ್. ಕೋನ್ ಕಂಡಿತ್ತು. ಆದ್ರೂ ಹಾರಿದೆ.”

ನಾನೂ ಎತ್ತಿದೆ. “ನನ್ನ ತಪ್ಪು. ತಗ್ಗು ಇದೆ ಅಂತ ಗೊತ್ತಿದ್ದೂ ಆಟ ನಿಲ್ಲಿಸಲಿಲ್ಲ. ಕೋನ್ ಸರಿಸಿದವಳು ನಾನೇ.”

ಹೇಳಿ ಮುಗಿಸಿ, ನಾವು ಮೂವರೂ ಮೇಜಿನ ಆಚೆ ಕುಳಿತ ಮೂವರ ಮುಖ ನೋಡಿದೆವು. ನೀವು ನಗಬಹುದು, ಆದರೆ ಆಣೆ ಮಾಡಿ ಹೇಳುತ್ತೇನೆ, ಈಗ ಅವರ ಸರದಿ ಎಂದು ನಾವು ಕಾಯುತ್ತಿದ್ದೆವು. ನಮ್ಮ ವೃತ್ತದಲ್ಲಿ ಹಾಗೇ ತಾನೇ? ಒಬ್ಬರಾದರೂ ‘ನಕ್ಷೆ ಸರಿಯಾಗಿ ನೋಡಲಿಲ್ಲ’ ಎಂದೋ, ‘ಪತ್ರ ಓದಲಿಲ್ಲ’ ಎಂದೋ ಕೈಯೆತ್ತುತ್ತಾರೆ ಎಂದು ಕಾದೆವು. ಫ್ಯಾನು ತಿರುಗುತ್ತಿತ್ತು. ಗುಮಾಸ್ತೆ ಬೆರಳಚ್ಚು ನಿಲ್ಲಿಸಿ ನಮ್ಮ ಕಡೆ ನೋಡಿದಳು, ಅವಳಿಗೆ ಅರ್ಥವಾಯಿತೆಂದು ಕಾಣುತ್ತದೆ, ತಲೆ ತಗ್ಗಿಸಿದಳು. ಅಧ್ಯಕ್ಷರು ಕನ್ನಡಕ ಏರಿಸಿಕೊಂಡು, “ಬಹಳ ಪ್ರಾಮಾಣಿಕರು ನೀವು. ಕೆಲಸ ಸುಲಭ ಮಾಡಿಕೊಟ್ಟಿರಿ. ಅಂದ ಹಾಗೆ, ಘಟನೆ ನಡೆದದ್ದು ಅಂಕಣದ ಒಳಗೋ ಹೊರಗೋ?” ಎಂದರು.

“ಹೊರಗೆ,” ಎಂದಳು ಮಿಂಚುಳ್ಳಿ. ಅವಳು ಸುಳ್ಳು ಹೇಳುವವಳಲ್ಲ.

ವರದಿ ಎರಡು ದಿನದಲ್ಲಿ ಬಂತು. ನಿಮ್ಮ ಕಚೇರಿಯ ಇತಿಹಾಸದಲ್ಲೇ ಇಷ್ಟು ಬೇಗ ಯಾವ ಕಾಗದವೂ ಹೊರಬಿದ್ದಿರಲಾರದು. ಅಪಘಾತವು ಆಟಗಾರರ ಸ್ವಯಂಕೃತ ಅಜಾಗರೂಕತೆಯಿಂದ, ಅಧಿಕೃತ ಅಂಕಣದ ಹೊರಭಾಗದಲ್ಲಿ ಸಂಭವಿಸಿದ್ದಾಗಿ ಮೂವರೂ ಒಪ್ಪಿಕೊಂಡಿರುತ್ತಾರೆ. ಆದ್ದರಿಂದ ಸಂಸ್ಥೆಯ ಹೊಣೆ ಇರುವುದಿಲ್ಲ. ಕ್ಲಬ್ಬನ್ನು ಮುಂದಿನ ಆದೇಶದವರೆಗೆ ಅಮಾನತಿನಲ್ಲಿಡಲಾಗಿದೆ. ತೊಟ್ಟಿ ಎಂಬ ಪದ ನಾಲ್ಕು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ನಮ್ಮ ನಂತರ ಸಮಿತಿ ಕರೆಸಿ ಕೇಳಿದಾಗ ಬಾಯಿಬಿಟ್ಟು ಆ ಪದ ಹೇಳಿದ್ದ ಹುಲ್ಲಣ್ಣನನ್ನು ಅದೇ ವಾರ ಹಾಸ್ಟೆಲಿನ ಉಗ್ರಾಣಕ್ಕೆ ವರ್ಗ ಮಾಡಲಾಯಿತು. ಕಿಟಕಿಯಿಲ್ಲದ ಆ ಕೋಣೆಗೆ ನೋಡಲು ಹೋದರೆ ಹಾಸಿಗೆಗಳ ಲೆಕ್ಕ ಬರೆಯುತ್ತಾ ಕುಳಿತಿದ್ದರು. “ನಿವೃತ್ತಿಗೆ ಹದಿನಾಲ್ಕು ತಿಂಗಳಿದೆ ತಾಯಿ. ನನ್ನ ಹೆಸರು ಇನ್ನೆಲ್ಲೂ ಎತ್ತಬೇಡ,” ಎಂದು ಕೈಮುಗಿದರು. ಅದಕ್ಕೇ ಇಲ್ಲಿ ಅವರ ಹೆಸರು ಎತ್ತಿಲ್ಲ. ಹುಲ್ಲಣ್ಣ ಯಾರೆಂದು ನಿಮಗೆ ಗೊತ್ತಿಲ್ಲದಿದ್ದರೆ, ದಯವಿಟ್ಟು ಹುಡುಕಬೇಡಿ.

ಇಲ್ಲಿಗೆ ಮುಗಿದಿದ್ದರೆ ನಾನೂ ನಾಲಿಗೆ ಕಚ್ಚಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಸಭಾಂಗಣದ ಚಾವಣಿ ದುರಸ್ತಿಯಲ್ಲಿದೆ, ಈ ಸಲದ ಘಟಿಕೋತ್ಸವ ಮೈದಾನದಲ್ಲಿ ಎಂದು ಆದೇಶ ಹೊರಟಿತು. ವೇದಿಕೆ ಎಲ್ಲಿ ಕಟ್ಟಬೇಕು? ನಿಮ್ಮವರು ಹೊಸದಾಗಿ ಒಂದು ನಕ್ಷೆ ಮಾಡಿಸಿದರು. ಅದರಲ್ಲಿ ಉತ್ತರದ ತುದಿಯ ಹದಿನೈದು ಹೆಜ್ಜೆ ಅಗಲದ ಪಟ್ಟಿಯನ್ನು ‘ಯಾವ ಕ್ಲಬ್ಬಿನ ಬಳಕೆಯಲ್ಲೂ ಇಲ್ಲದ ಖಾಲಿ ಜಾಗ’ ಎಂದು ಗುರುತಿಸಿದ್ದಾರೆ. ಮಾನ್ಯರೇ, ಅದು ಖಾಲಿಯಾದದ್ದು ನನ್ನ ಕೋನ್‌ಗಳಿಂದ. ಮಕ್ಕಳನ್ನು ದೂರವಿಡಲು ನಾನು ಬಿಟ್ಟ ಜಾಗವನ್ನೇ ಆರಿಸಿ, ಅದರ ಮೇಲೆ ಕಬ್ಬಿಣದ ಕಂಬಗಳನ್ನು ನೆಟ್ಟು, ಹಲಗೆ ಹಾಸಿ, ಅರವತ್ತು ಕುರ್ಚಿ ಹಾಕಲು ಹೊರಟಿದ್ದೀರಿ.

ನಿನ್ನೆ, ಸೋಮವಾರ ಸಂಜೆ, ಚೀಲದಲ್ಲಿ ತಟ್ಟೆಗಳನ್ನು ತುಂಬಿಕೊಂಡು ಅಲ್ಲಿಗೆ ಹೋದೆ. ವೇದಿಕೆ ಕಟ್ಟುವ ಮೇಸ್ತ್ರಿ ಒಳ್ಳೆಯ ಮನುಷ್ಯ, ತಡೆಯಲಿಲ್ಲ. “ಇಲ್ಲಿ ನೆಲ ಸ್ವಲ್ಪ ಮೆತ್ತಗಿದೆ ಮೇಡಂ,” ಎಂದ. “ಒಂದು ಕಂಬ ಮೊಳದುದ್ದ ಒಳಗೆ ಹೋಯ್ತು. ಅಡಿಗೆ ಹಲಗೆ ಕೊಟ್ಟಿದೀವಿ, ಏನಾಗಲ್ಲ.”

“ಏನಾಗಲ್ಲ ಅಂತ ಯಾರು ಹೇಳಿದ್ರು?”

“ಆಫೀಸಿನವರೇ ಹೇಳಿದ್ರಲ್ಲ ಮೇಡಂ.”

ವೇದಿಕೆಯ ಕೆಳಗೆ ತೆವಳಿಕೊಂಡು ಹೋದೆ. ಮೇಲೆ ಸುತ್ತಿಗೆಯ ಏಟು ಬಿದ್ದಾಗಲೆಲ್ಲ ಕೆಳಗಿನ ನೆಲ ಆ ಏಟನ್ನು ಮತ್ತೊಮ್ಮೆ ಹೇಳುತ್ತಿತ್ತು, ಸ್ವಲ್ಪ ತಡವಾಗಿ. ಹುಲ್ಲಿನ ಹಾಸು ನಡುವೆ ಬಾಣಲೆಯ ಹಾಗೆ ಬಾಗಿತ್ತು. ಅಂಚಿನಿಂದ ಅಂಚಿಗೆ ತಟ್ಟೆಗಳನ್ನು ಜೋಡಿಸುತ್ತಾ ಹೋದೆ. ಹೋದ ವಾರ ಹತ್ತೊಂಬತ್ತು ಹಿಡಿದಿತ್ತು. ನಿನ್ನೆ ಇಪ್ಪತ್ತಮೂರು. ನಡುವಿನ ತಟ್ಟೆಯ ನೇರಕ್ಕೆ ಮೇಲೆ ಏನು ಬರುತ್ತದೆಂದು ಮೇಸ್ತ್ರಿಯನ್ನು ಕೇಳಿದೆ. ಕೈಯಲ್ಲಿದ್ದ ಚೀಟಿ ನೋಡಿ ಹೇಳಿದ, “ಕುಲಸಚಿವರ ಕುರ್ಚಿ.” ಮೊಣಕೈ ಊರಿಕೊಂಡು ಹೊರಗೆ ಬರುವಾಗ ನನ್ನ ಹಿಂದೆ ಎಲ್ಲೋ ಒಂದು ಹಿಡಿ ಮಣ್ಣು ಜಾರಿತು. ನಾನು ಎಣಿಸಿದೆ. ಒಂದು ಸೆಕೆಂಡಿನ ಮೇಲೆ ಸ್ವಲ್ಪ.

ನನಗೆ ಹೆದರಿಕೆಯಾಗಿದೆ, ಮಾನ್ಯರೇ. ವ್ಯಂಗ್ಯವೆಲ್ಲ ಆ ಹೆದರಿಕೆಯ ಮೇಲಿನ ಹೊದಿಕೆ. ಶನಿವಾರ ಆ ವೇದಿಕೆ ಹತ್ತುವವರಲ್ಲಿ ಉದ್ದನೂ ಒಬ್ಬ. ಮನೆತನದಲ್ಲೇ ಮೊದಲ ಪದವೀಧರ. ನಿನ್ನೆ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತ.

“ಅಕ್ಕಾ, ಹೋಗ್ಲಾ, ಬೇಡ್ವಾ?”

ನಾನು ಲೋಲಕದ ದಾರ ಕಟ್ಟುತ್ತಿದ್ದೆ.

“ಅಮ್ಮ ಊರಿಂದ ಹೊರಟಾಗಿದೆ. ಚಿಕ್ಕಮ್ಮನೂ ಬರ್ತಿದ್ದಾರೆ. ಮುಂದಿನ ಸಾಲಲ್ಲೇ ಕೂತ್ಕೋತೀನಿ, ನೀನು ಮೇಲೆ ಹೋಗೋದು ಸರಿಯಾಗಿ ಕಾಣಬೇಕು ಅಂತಿದ್ದಾರೆ. ಬೇಡ ಅಂತ ಹೇಗಕ್ಕ ಹೇಳ್ಲಿ? ಏನು ಅಂತ ಹೇಳ್ಲಿ?”

ಕಟ್ಟಿದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದೆ. ಅವನು ಎತ್ತರದ ಹುಡುಗ, ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಹೊರಟುಹೋದ. ಆ ಪ್ರಶ್ನೆಯನ್ನು ಈಗ ನಿಮಗೆ ದಾಟಿಸುತ್ತಿದ್ದೇನೆ. ಅವನು ಹೋಗಬೇಕೇ, ಬೇಡವೇ? ನಾನೂರ ಹನ್ನೆರಡು ಪದವೀಧರರು ಸಾಲಾಗಿ ಆ ಹಲಗೆಗಳ ಮೇಲೆ ನಡೆಯಲಿದ್ದಾರೆ. ಅವರ ಪೈಕಿ ಎಷ್ಟನೆಯವರ ಹೆಜ್ಜೆಗೆ ನೆಲ ಕುಸಿಯುತ್ತದೆ ಎಂದು ಹೇಳುವ ಉಪಕರಣ ನನ್ನ ಪ್ರಯೋಗಾಲಯದಲ್ಲಿಲ್ಲ. ನಿಮ್ಮ ನಕ್ಷೆಯಲ್ಲಿ ಅದಕ್ಕೇನಾದರೂ ಉತ್ತರವಿದೆಯೇ?

ನನ್ನ ಬೇಡಿಕೆ ದೊಡ್ಡದಲ್ಲ. ವೇದಿಕೆಯನ್ನು ಅಲ್ಲಿಂದ ತೆಗೆಸಿ. ಮೈದಾನದ ಆ ತುದಿಗೆ ಬೇಲಿ ಹಾಕಿಸಿ, ಹುಲ್ಲು ಎತ್ತಿಸಿ, ಒಳಗೆ ಏನಿದೆ ಎಂದು ಬಲ್ಲವರಿಂದ ನೋಡಿಸಿ. ನಮ್ಮ ಕ್ಲಬ್ಬನ್ನು ಬೇಕಾದರೆ ಶಾಶ್ವತವಾಗಿ ಮುಚ್ಚಿಬಿಡಿ, ನಾನು ತಕರಾರು ತೆಗೆಯುವುದಿಲ್ಲ. ಇದಕ್ಕೆ ಮುಂಚೆ ಒಂದು ಕೆಲಸ ಮಾಡಿ: ಗುರುವಾರ ಸಂಜೆ ಐದಕ್ಕೆ ನೀವೇ ಮೈದಾನಕ್ಕೆ ಬನ್ನಿ. ಕಡತ ಬೇಡ, ಜೊತೆಗೆ ಯಾರೂ ಬೇಡ. ನಾವೆಲ್ಲ ದಕ್ಷಿಣದ ತುದಿಯಲ್ಲಿ, ಗಟ್ಟಿ ನೆಲದ ಮೇಲೆ, ವೃತ್ತವಾಗಿ ನಿಂತಿರುತ್ತೇವೆ. ಮಿಂಚುಳ್ಳಿ ಊರುಗೋಲಿನೊಂದಿಗೆ ಬರುತ್ತಾಳೆ. ಅವಳೂ ಉದ್ದನೂ ನಾನೂ ನಮ್ಮ ನಮ್ಮ ಮಾತನ್ನು ಆವತ್ತೇ ಹೇಳಿ ಮುಗಿಸಿದ್ದೇವೆ, ಸರದಿ ಅಲ್ಲಿಗೇ ನಿಂತಿದೆ. ನೀವು ಬಂದು ಕೈಯೆತ್ತಿ ಎರಡೇ ಪದ ಹೇಳಿದರೆ ಸಾಕು, ನಾವು ಅದನ್ನು ಯಾವ ಸಮಿತಿಗೂ ಒಯ್ಯುವುದಿಲ್ಲ.

ನೀವು ಬಾರದಿದ್ದರೆ ಶನಿವಾರ ಬೆಳಿಗ್ಗೆ ಆರಕ್ಕೇ ನಾವು ಬಂದು ವೇದಿಕೆಯ ಸುತ್ತ ನಮ್ಮ ಕಿತ್ತಳೆ ಕೋನ್‌ಗಳನ್ನು ಇಟ್ಟು, ಅವುಗಳ ನಡುವೆ ಕೈಕೈ ಹಿಡಿದು ನಿಲ್ಲುತ್ತೇವೆ. ಕಾವಲುಗಾರರನ್ನು ಕಳಿಸಿ ನಮ್ಮನ್ನು ಎಳೆದು ಹಾಕಬಹುದು, ಕೋನ್‌ಗಳನ್ನು ಒದೆಸಬಹುದು. ಆದರೆ ಆ ಗೆರೆಯನ್ನು ಈ ಸಲ ನಾನಾಗಿ ಒಂದು ಹೆಜ್ಜೆಯೂ ಸರಿಸುವುದಿಲ್ಲ.

ಇಂತಿ,
ಕೇಳಿದ ಕೂಡಲೇ ತಪ್ಪೊಪ್ಪಿಕೊಂಡು ಕೆಟ್ಟವಳು,
ಅಮಾನತಿನಲ್ಲಿರುವ ತಟ್ಟೆ ಕ್ಲಬ್ಬಿನ ಅಕ್ಕ

ವಿ.ಸೂ.: ಪತ್ರವನ್ನು ಅಚ್ಚಿಗೆ ಕೊಡುವ ಮುನ್ನ, ಇವತ್ತು ಮಂಗಳವಾರ ಮಧ್ಯಾಹ್ನ, ಇನ್ನೊಮ್ಮೆ ಹೋಗಿ ಅಳೆದೆ. ಇಪ್ಪತ್ತಾರೂ ಜೋಡಿಸಿದೆ. ಆಚೆಯ ಅಂಚು ಇನ್ನೂ ದೂರವಿತ್ತು. ಅಳೆಯಲು ನನ್ನ ಹತ್ತಿರ ಬೇರೆ ತಟ್ಟೆ ಇಲ್ಲ.